ಬಂಡೀಪುರಕ್ಕೆ ನನ್ನ ರುಜುವೇ ಸಾಕು

ಅಪ್ಪಾ,

ನೀನು ಎದುರಿಗಿದ್ದರೆ ಮತ್ತೆ ಜಗಳ ಆಗ್ತಿತ್ತು, ಅದಕ್ಕೇ ಈಗಲೇ ಹೊರಟೆ. ಬಂಡೀಪುರದ ಕಾಡಲ್ಲಿ ಭೂವಿಜ್ಞಾನ ಇಲಾಖೆಯವರ ಜೊತೆ ಒಂದು ತಿಂಗಳು ಕೆಲಸ ಮಾಡ್ತಾ ಕಲ್ಲುಮಣ್ಣಿನ ಪಾಠ ಕಲೀತೀವಿ. ನನ್ನಂಥ ಟೀಚರುಗಳು ಎಂಟು ಜನ, ಅವರಲ್ಲಿ ಹೆಂಗಸರು ಇಬ್ಬರು.

ಸಾರು ಒಲೆ ಮೇಲಿದೆ. ದಿನಾ ಮುದ್ದೆ ಪಕ್ಕದ ಮನೆ ಪಾಪಕ್ಕ ಕೊಡ್ತಾಳೆ. ಕೆಮ್ಮಿನ ಔಷಧಿ ಎರಡು ಹೊತ್ತೂ ಕುಡಿ, ಬೀಡಿ ಮುಟ್ಟಬೇಡ.

"ಎಣ್ಣುಮಗಳು ಕಾಡಿಗೋಗಿ ಕಲ್ಲು ನೋಡೋದೇನೈತೆ? ನಂದಿದುರ್ಗದ ಚಿನ್ನದ ಗಣೀಲಿ ಮೂವತ್ತು ವರ್ಷ ನಾನು ನೋಡಿಲ್ವಾ?" ಅಂತ ನೀನಂದೆ. ನೋಡಿದ್ದೀಯ. ಆದರೆ ಬೂದಿಕೋಟೆ ಸ್ಕೂಲಲ್ಲಿ ಒಬ್ಬ ಹುಡುಗಿ, "ಟೀಚರ್, ಚಿನ್ನ ಕಲ್ಲೊಳಗೆ ಹೆಂಗೆ ಸೇರ್ತು?" ಅಂತ ಕೇಳಿದಳು. ಪುಸ್ತಕದಲ್ಲಿ ಇರಲಿಲ್ಲ. ಮನೆಗೆ ಬಂದು ನಿನ್ನ ಕೇಳಿದೆ. "ಒಡಿ ಅಂದ್ರು, ಒಡುದ್ವಿ" ಅಂದೆ ನೀನು. ಅಷ್ಟು ವರ್ಷ ಒಡೆದ ಕಲ್ಲಿನ ಬಗ್ಗೆ ನಿನಗೆ ಯಾರೂ ಏನೂ ಹೇಳಿಕೊಟ್ಟಿಲ್ಲ ಅಂತ ಅವತ್ತೇ ಗೊತ್ತಾಗಿದ್ದು. ಮಾರನೇ ದಿನವೇ ಇದಕ್ಕೆ ಅರ್ಜಿ ಹಾಕಿದೆ.

ಒಪ್ಪಿಗೆ ಕಾಗದಕ್ಕೆ ನೀನು ರುಜು ಹಾಕಲಿಲ್ಲ. "ನನಗೆ ಇಪ್ಪತ್ತಾರಾಯ್ತು ಸಾರ್, ನನ್ನ ರುಜುವೇ ಸಾಕು" ಅಂತ ಹೆಡ್‌ಮಾಸ್ಟರಿಗೆ ಹೇಳಿದೆ. ಅವರು ಒಪ್ಪಿಕೊಂಡರು.

ನೀನೂ ಒಪ್ಪಿಕೊಳ್ಳಪ್ಪಾ. ಒಪ್ಪದಿದ್ದರೂ, ಇದನ್ನ ಓದೋ ಹೊತ್ತಿಗೆ ನಾನು ಬಂಗಾರಪೇಟೆ ದಾಟಿ ರೈಲಲ್ಲಿರ್ತೀನಿ.

ಕದಿರಮ್ಮ