ವಿಮಾನ ಎಸೆಯುವ ಕ್ರಮ

ಫೆಬ್ರವರಿ ೬, ಬೆಳಿಗ್ಗೆ

ಮಾದರಿ ವಿಮಾನದ ಎಡರೆಕ್ಕೆ ಮತ್ತೆ ಬಿಚ್ಚಿದೆ. ನಿನ್ನೆ ಹಚ್ಚಿದ ಅಂಟು ಫೋಮನ್ನೇ ತಿಂದುಹಾಕಿದೆ. ಡಬ್ಬಿಯ ಮೇಲೆ ‘ಎಲ್ಲದಕ್ಕೂ ಅಂಟುತ್ತದೆ’ ಎಂದು ಅಚ್ಚು ಹಾಕಿದ್ದಾರೆ. ಬರೆಯುವವರಿಗೆ ಜವಾಬ್ದಾರಿ ಬೇಡವೇ? ಹೊಸ ಹಾಳೆ ಕತ್ತರಿಸಲು ಕುಳಿತೆ. ಬ್ಲೇಡು ಮೊಂಡು. ಫೋಮು ಕಾಳುಕಾಳಾಗಿ ಉದುರಿತು. ಇವಳು ಪೊರಕೆ ಹಿಡಿದು ಬಾಗಿಲಲ್ಲಿ ನಿಂತಳು.

“ದಿಂಬಿನ ಮೇಲೆ ಇದು, ನೀರಿನ ಲೋಟದಲ್ಲೂ ಇದು. ನೀವು ಪಾಠ ಹೇಳ್ತಿದ್ದಾಗ ಬರೀ ಸೀಮೆಸುಣ್ಣದ ಪುಡಿ ತರ್ತಿದ್ರಿ. ಅದೇ ವಾಸಿ.”

ಬ್ಲೇಡು ಬದಲಿಸಿದೆ.

ಇದು ಯಾರೋ ಬರೆದ ನಕ್ಷೆಯ ವಿಮಾನವಲ್ಲ. ನಾನೇ ಲೆಕ್ಕ ಹಾಕಿ ಬರೆದದ್ದು. ಮೈದಾನದ ಮೇಲೆ ಒಂದು ಪೂರ್ತಿ ಸುತ್ತು ಹಾರಿ, ಮುರಿಯದೆ ನೆಲಕ್ಕೆ ಬರಬೇಕು. ಅಷ್ಟು ಸಾಕು. ರೆಕ್ಕೆಯ ಮೇಲಿನ ಗಾಳಿ, ಕೆಳಗಿನ ಗಾಳಿ ಎಂದು ಕಪ್ಪುಹಲಗೆಯ ಮೇಲೆ ಬಾಣದ ಗುರುತು ಹಾಕಿಕೊಂಡೇ ನನ್ನ ಸೇವೆ ಮುಗಿಯಿತು. ಆ ಬಾಣಗಳು ಕೆಲಸ ಮಾಡುವುದನ್ನು ಒಮ್ಮೆ ಕಣ್ಣಾರೆ ನೋಡಬೇಕು.

ಫೆಬ್ರವರಿ ೯, ಸಂಜೆ

ರೆಕ್ಕೆಯ ಅಡಿಗೆ ಎರಡು ಬೆರಳ ತುದಿ ಕೊಟ್ಟು ಎತ್ತಿ ನೋಡಿದೆ. ಮೂತಿ ಏಳಲಿಲ್ಲ, ಬಾಲ ಇಳಿಯಲಿಲ್ಲ. ಸಮತೂಕ ಸರಿ. ಮೋಟಾರು ಸರಿ. ಬ್ಯಾಟರಿ ತುಂಬಿದೆ. ಆದರೂ ಹಾರಲಿಲ್ಲ.

ತಪ್ಪು ಎಸೆತದ್ದು. ಚಕ್ರವಿಲ್ಲದ ವಿಮಾನ. ಒಬ್ಬರು ರಿಮೋಟು ಹಿಡಿಯಬೇಕು, ಇನ್ನೊಬ್ಬರು ಕೈಯಿಂದ ಎಸೆಯಬೇಕು. ಎಸೆಯುವವನು ಭಾಮೈದ — ಇವಳ ತಮ್ಮ, ಬಸ್ಸು ಓಡಿಸಿ ನಿವೃತ್ತನಾದವನು, ಮನೆ ಪಕ್ಕದ ಬೀದಿಯಲ್ಲಿ. ತೋಳು ನೇರ, ಮೂತಿ ಸಮ, ಎದುರಿಗೆ ನೂಕಬೇಕು. ಇದೇ ಕ್ರಮ. ಅವನೋ ಮೊಣಕೈ ಮಡಿಸಿ, ಬಸ್ಸಿನ ಮೇಲಕ್ಕೆ ಗಂಟು ಎಸೆಯುವ ಹಾಗೆ ಆಕಾಶಕ್ಕೆ ಎಸೆಯುತ್ತಾನೆ. ವಿಮಾನ ಮೇಲೇರಿ, ವೇಗ ಸತ್ತು, ಮೂತಿ ಕೆಳಗಾಗಿ ಬೀಳುತ್ತದೆ. ಇವತ್ತು ಮೂರು ಸಲವೂ ಅದೇ.

“ಮೊಣಕೈ!” ಎಂದು ಪ್ರತಿ ಸಲವೂ ಕೂಗಿದೆ.

“ನೀವು ಕೂಗಿದಾಗ್ಲೇ ಬೀಳೋದು ಭಾವ. ಅದಕ್ಕೂ ಭಯ ಆಗುತ್ತೆ,” ಎಂದು ನಕ್ಕ. ನಗುವ ಮಾತಲ್ಲ. ಮೂತಿ ಜಜ್ಜಿಹೋಗಿದೆ.

ಫೆಬ್ರವರಿ ೧೨

ಅಭ್ಯಾಸವಿಲ್ಲದೆ ಯಾವ ವಿದ್ಯೆಯೂ ಬಾರದು. ಆದ್ದರಿಂದ ಹಳೆಯ ಪತ್ರಿಕೆಯನ್ನು ಸುರುಳಿ ಸುತ್ತಿ ಮೈದಾನಕ್ಕೆ ಒಯ್ದೆ. ಮೊದಲು ಇದನ್ನು ಸರಿಯಾಗಿ ಎಸೆ, ಅನಂತರ ವಿಮಾನ ಮುಟ್ಟು ಎಂದೆ. ಎಸೆದ. ತಪ್ಪು. ಹೋಗಿ ಎತ್ತಿ ತಾ ಎಂದೆ. ತಂದ. ಮತ್ತೆ ತಪ್ಪು. ಅವನ ಮೊಣಕೈ ಹಿಡಿದು ನೆಟ್ಟಗೆ ಮಾಡಿ ತೋರಿಸಿದೆ. ಸಂಜೆ ನಡೆಯಲು ಬರುವವರು ಸುತ್ತ ನಿಂತಿದ್ದರು. ಒಬ್ಬರು “ಮೇಷ್ಟ್ರು ದೊಡ್ಡ ಹುಡುಗನ್ನೇ ಹಿಡ್ಕೊಂಡಿದ್ದಾರೆ” ಎಂದರು. ಎಲ್ಲರೂ ನಕ್ಕರು.

ಭಾಮೈದ ಪತ್ರಿಕೆಯನ್ನು ಬಿಡಿಸಿ, ನಾಲ್ಕಾಗಿ ಮಡಚಿ, ನನ್ನ ಕೈಗಿಟ್ಟ. ಅಂಗೈ ಕೊಡವಿಕೊಂಡು ಹೊರಟುಹೋದ.

ಕಲಿಸುವವನ ಮೇಲೆ ಸಿಟ್ಟಾದರೆ ಕಲಿಯುವುದು ಹೇಗೆ?

ಫೆಬ್ರವರಿ ೨೦

ಬಂದಿಲ್ಲ. ಸಂಜೆಯ ಚಹಾಕ್ಕೂ ಬಂದಿಲ್ಲ. ಚಿಂತೆಯಿಲ್ಲ. ಒಬ್ಬನೇ ಹಾರಿಸಬಲ್ಲೆ.

ಅದೇ ದಿನ, ಸಂಜೆ

ಆಗಲಿಲ್ಲ. ಎಡಗೈಯಲ್ಲಿ ರಿಮೋಟು, ಬಲಗೈಯಲ್ಲಿ ವಿಮಾನ. ಎಸೆತ ನಿರ್ದೋಷ — ತೋಳು ನೇರ, ಮೂತಿ ಸಮ. ಆದರೆ ಎಸೆದ ಕೈ ಮರಳಿ ರಿಮೋಟಿಗೆ ಬರುವಷ್ಟರಲ್ಲಿ ವಿಮಾನ ಎಡಕ್ಕೆ ಹೊರಳಿ ಬೇಲಿಗೆ ಹೊಡೆಯಿತು. ಎಡರೆಕ್ಕೆ ಎರಡು ತುಂಡು. ಯಾವಾಗಲೂ ಎಡರೆಕ್ಕೆಯೇ.

ಫೆಬ್ರವರಿ ೨೬

ಚಕ್ರ ಕಟ್ಟಿದೆ. ಹುಲ್ಲಿಗೆ ಸಿಕ್ಕಿ ಮುಗ್ಗರಿಸಿತು. ಪ್ರೊಪೆಲ್ಲರ್ ಚೂರು. ಚಕ್ರ ಕಿತ್ತೆ.

ಮಾರ್ಚ್ ೩

ಇವಳನ್ನು ಕರೆದೊಯ್ದೆ. ಬರುವುದಿಲ್ಲವೆಂದಳು, ಬಂದಳು. ಕ್ರಮವನ್ನು ಮನೆಯಲ್ಲೇ ವಿವರಿಸಿದ್ದೆ. ಮೋಟಾರಿನ ಸದ್ದಿಗೆ ಕಣ್ಣು ಮುಚ್ಚಿಕೊಂಡು, ಬಕೆಟ್ಟಿನ ನೀರು ಅಂಗಳಕ್ಕೆ ಚೆಲ್ಲುವಂತೆ ಚೆಲ್ಲಿದಳು. ವಿಮಾನ ಅವಳ ಕಾಲ ಮೇಲೆಯೇ ಬಿತ್ತು, ಎಡರೆಕ್ಕೆ ಮತ್ತೆ ಮುರಿಯಿತು. ಈ ಸಲ ನಾನು ಏನೂ ಹೇಳಲಿಲ್ಲ. ಮುಖದಲ್ಲೇ ಕಂಡಿರಬೇಕು.

ಮನೆಯ ಬೀಗ ತೆಗೆಯುತ್ತ ಹೇಳಿದಳು: “ಹಾಳೆ ಮುರಿದ್ರೆ ಅಂಗಡಿಗೆ ಹೋಗಿ ಇನ್ನೊಂದು ತರ್ತೀರಿ. ನಂಗಿರೋನು ಒಬ್ಬ ತಮ್ಮ. ನಾನು ಫೋನ್ ಮಾಡಿದ್ರೂ ಆಮೇಲೆ ಮಾತಾಡ್ತೀನಿ ಅಕ್ಕ ಅಂತಾನೆ. ಆ ಆಮೇಲೆ ಯಾವತ್ತು ಬರುತ್ತೆ, ನೀವೇ ಲೆಕ್ಕ ಹಾಕಿ ಹೇಳಿ.”

ಅವನ ಎಸೆತ ತಪ್ಪು. ಇದರಲ್ಲಿ ಎರಡು ಮಾತಿಲ್ಲ. ತಪ್ಪನ್ನು ತಪ್ಪೆಂದದ್ದಕ್ಕೆ ನಾನೇಕೆ ತಗ್ಗಬೇಕು?

ಮಾರ್ಚ್ ೯

ರೆಕ್ಕೆ ಸಿದ್ಧವಾಗಿ ನಾಲ್ಕು ದಿನ. ಮೇಜಿನ ಮೇಲೆ ಸುಮ್ಮನೆ ಕುಳಿತಿದೆ. ಇವಳು ಅದರ ಮೇಲಿನ ಧೂಳು ಒರೆಸುತ್ತಾಳೆ, ನನ್ನೊಡನೆ ಮಾತಿಲ್ಲ.

ಹೋದೆ. ಭಾಮೈದ ಮನೆಯ ಮುಂದೆ ಸ್ಕೂಟರು ಒರೆಸುತ್ತಿದ್ದ.

“ಬನ್ನಿ ಭಾವ.” ಕೈ ನಿಲ್ಲಿಸಲಿಲ್ಲ.

“ಒಬ್ಬನೇ ಎಸೆದು ನೋಡಿದೆ. ಆಗಲ್ಲ.”

“ಹೌದಾ.”

“ಚಕ್ರಾನೂ ಹಾಕಿ ನೋಡಿದೆ.”

“ಹೂಂ.”

“ನಿನ್ನಕ್ಕನೂ ಎಸೆದಳು.”

ಕೈ ನಿಂತಿತು. “ಅಕ್ಕನಾ? ಎಲ್ಲಿಗೆ ಹೋಯ್ತು?”

“ಅವಳ ಕಾಲಿಗೆ.”

ತುಟಿ ಕಚ್ಚಿಕೊಂಡು ಸ್ಕೂಟರಿನ ಕನ್ನಡಿ ಒರೆಸತೊಡಗಿದ. ಒರೆಸಿದ್ದನ್ನೇ ಒರೆಸಿದ. ನಾನು ಸಿದ್ಧಪಡಿಸಿಕೊಂಡು ಹೋಗಿದ್ದ ವಾಕ್ಯವೊಂದಿತ್ತು. ವ್ಯಾಕರಣಶುದ್ಧವಾಗಿತ್ತು. ಬಾಯಿಗೆ ಬರಲಿಲ್ಲ.

“ನಾಳೆ ಗಾಳಿ ಕಡಿಮೆ ಇರುತ್ತಂತೆ,” ಎಂದೆ.

ಅವನು ಬಟ್ಟೆ ಹಿಂಡಿ ಹರವಿದ. “ನೋಡಿ ಭಾವ. ಬಸ್ಸಲ್ಲಿ ಬೆನ್ನ ಹಿಂದೆ ಕೂತು ಹಂಗೆ ತಿರುಗ್ಸು ಹಿಂಗೆ ತಿರುಗ್ಸು ಅನ್ನೋರು ದಿನಾ ಒಬ್ಬರು ಹತ್ತೋರು. ಅವರನ್ನ ಇಳಿಸೋ ಹಾಗಿರಲಿಲ್ಲ, ಟಿಕೆಟ್ ತಗೊಂಡಿರೋರು. ನಿಮ್ಮ ಹತ್ರ ಟಿಕೆಟ್ ಇಲ್ಲ.” ಹರವಿದ ಬಟ್ಟೆಯ ಸುಕ್ಕು ಬಿಡಿಸುತ್ತ, “ಬರ್ತೀನಿ. ವಿಮಾನ ನೆಲ ಮುಟ್ಟೋವರೆಗೂ ನೀವು ಬಾಯಿ ಬಿಡ್ಬಾರ್ದು.”

ಒಪ್ಪಿದೆ. ಇಂಥ ಷರತ್ತನ್ನು ನನ್ನ ಮುಖ್ಯೋಪಾಧ್ಯಾಯರೂ ಹಾಕಿರಲಿಲ್ಲ.

ಮಾರ್ಚ್ ೧೦, ಸಂಜೆ

ಗಾಳಿ ಇರಲಿಲ್ಲ. ಇವಳೂ ಬಂದಿದ್ದಳು, ಬೇಲಿಯ ಹತ್ತಿರ ನಿಂತಳು — ಕಾಲಿಗೆ ಬೂಟು ಹಾಕಿಕೊಂಡು.

ಭಾಮೈದ ವಿಮಾನ ಎತ್ತಿದ. ಮೊಣಕೈ ಮಡಿಸಿದ. ಮೂತಿ ಆಕಾಶಕ್ಕೆ. ಮಾತು ಹಲ್ಲಿನ ತನಕ ಬಂತು. ನುಂಗಿದೆ. ಎಸೆದ.

ವಿಮಾನ ಏರಿತು, ಒಂದು ಕ್ಷಣ ನಿಂತೇಬಿಟ್ಟಿತು. ಕೂಗುವ ಹಾಗಿರಲಿಲ್ಲವಾದ್ದರಿಂದ ಅದನ್ನೇ ನೋಡುತ್ತಿದ್ದೆ. ಇಷ್ಟು ದಿನ ಆ ಕ್ಷಣದಲ್ಲಿ ಅವನ ಮೊಣಕೈಯನ್ನು ನೋಡುತ್ತಿದ್ದೆನೆಂದು ಕಾಣುತ್ತದೆ. ಮೂತಿ ಕುಸಿಯುವ ಮೊದಲೇ ಹೆಬ್ಬೆರಳಿನಿಂದ ರಿಮೋಟಿನ ಕಡ್ಡಿ ಮುಂದಕ್ಕೊತ್ತಿದೆ. ವಿಮಾನ ತಗ್ಗಿ ವೇಗ ಹಿಡಿಯಿತು. ಹುಲ್ಲಿನ ಮೇಲೆಯೇ ಸವರಿಕೊಂಡು ಹೋಗಿ, ಎದ್ದಿತು.

ಹಾರಿತು. ಬೇಲಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕ, ಇವಳ ತಲೆಯ ಮೇಲೆ. ತಿರುವಿನಲ್ಲಿ ಎಡರೆಕ್ಕೆ ನಡುಗಿತು, ಮುರಿಯಲಿಲ್ಲ. ಪೂರ್ತಿ ಸುತ್ತು. ಹುಲ್ಲಿನಲ್ಲಿ ಹೊಟ್ಟೆ ಉಜ್ಜಿಕೊಂಡು ನಿಂತಿತು. ನಡೆಯುವವರು ಚಪ್ಪಾಳೆ ತಟ್ಟಿದರು.

ಭಾಮೈದ ವಿಮಾನವನ್ನು ಎರಡೂ ಕೈಯಲ್ಲಿ ಹಿಡಿದು ತಂದ. “ನೆಲ ಮುಟ್ಟಿತು ಭಾವ. ಈಗ ಹೇಳಿ, ಎಸೆತ ಹೇಗಿತ್ತು?”

“ಮೊಣಕೈ…” ಎಂದುಬಿಟ್ಟೆ. ಅವನ ಮುಖ ನೋಡಿದೆ. ಬೇಲಿಯತ್ತ ನೋಡಿದೆ.

“ಏನು ಮೊಣಕೈ?”

“ನೋಯ್ತಿದೆಯಾ ಅಂತ ಕೇಳಿದೆ.”

“ಇಲ್ಲಪ್ಪ, ಚೆನ್ನಾಗಿದೆ,” ಎಂದು ತೋಳು ಮಡಿಸಿ ಬಿಡಿಸಿ ತೋರಿಸಿದ. ನಾಳೆಯೂ ಬರುತ್ತಾನಂತೆ.

ಚಹಾ ಕುಡಿದಾಯಿತು. ಅಕ್ಕತಮ್ಮ ಇನ್ನೂ ನಡುಮನೆಯಲ್ಲಿದ್ದಾರೆ. ಹೇಗೆ ಎಸೆಯಬೇಕೆಂದು ಅವನು ಅವಳಿಗೆ ಕಲಿಸುತ್ತಿದ್ದಾನೆ. ಇಲ್ಲಿಂದ ಕಾಣುತ್ತದೆ. ಅವಳೂ ಮೊಣಕೈ ಮಡಿಸುತ್ತಿದ್ದಾಳೆ. ಪೂರ್ತಿ ತಪ್ಪು. ಎದ್ದುಹೋಗಿ ಒಂದೇ ಒಂದು ಸಲ ಅವರಿಗೆ ಸರಿಯಾದ ಕ್ರಮ ತೋರಿಸಿ ಬರಲೇ…