ಹತ್ತನೆಯ ಮನೆ

6 ಜೂನ್ 2007, ಬುಧವಾರ

ಇವತ್ತೂ ಪಂಪು ಬೇಗ ಬಂದ್. ಎರಡೇ ಬಕೀಟು ನೀರು. ಎಲ್ಲ ಸೊಸೈಟಿ ಸೆಕ್ರೆಟರಿಯ ಕಾರುಬಾರು — ಮೂರನೇ ಮಹಡಿಯ ದಿಗಂಬರ ಕುಲಕರ್ಣಿ. ಈ ಮನುಷ್ಯನ ಜೊತೆ ಆರು ವರ್ಷ ಜಗಳವಾಡಿ ನನ್ನ ಮರಾಠಿ ಸುಧಾರಿಸಿದೆ. ಅಷ್ಟೇ ಲಾಭ.

ಹನ್ನೊಂದಕ್ಕೆ ಮಧುಕರ ಅವರ ಫೋನು. ಇಲ್ಲೇ ಪುಣೆಯ ಸ್ವಾರಗೇಟ ಹತ್ತಿರ ಡಿಟಿಪಿ ಆಫೀಸು ಇಟ್ಟವರು, ಆಗೀಗ ನನಗೆ ಟೈಪಿಂಗ್ ಕೊಡುವವರು. ಬೀಜದ ಕಂಪನಿಯೊಂದರ ಕನ್ನಡ ಕೆಲಸ ಸಿಕ್ಕಿದೆಯಂತೆ. ಪಾಕೀಟಿನ ಮೇಲಿನ ಸೂಚನೆ, ರೈತರಿಗೆ ಹಂಚುವ ಚೀಟಿ, ವರ್ಷವಿಡೀ ಇದೆ. ಎಲ್ಲ ನನಗೇ ಕೊಡುತ್ತಾರೆ, ತಿಂಗಳ ಸಂಬಳದ ಹಾಗೆ. ಷರತ್ತು ಒಂದೇ — ಜುಲೈ ಎರಡಕ್ಕೆ ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇರಬೇಕು. ಈಗಿನ ಫೋನಿನ ನೆಟ್ಟಿನಲ್ಲಿ ಫೈಲು ಅರ್ಧಕ್ಕೇ ನಿಂತುಬಿಡುತ್ತದೆ. ಹೋದ ಸಲ ಹಾಗಾಗಿಯೇ ಅವರು ಬೈಗುಳ ತಿಂದರು.

ಮದುವೆಯಾಗಿ ಹದಿನಾರು ವರ್ಷ. ನನ್ನದು ಎನ್ನುವ ಮೊದಲ ಕೆಲಸ. ಬೇಕೇ ಬೇಕು ನನಗೆ.

7 ಜೂನ್, ಸಂಜೆ

ಇವರಿಗೆ ಹೇಳಿದೆ. ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲ ಮಾರುವವರು. ಮನೆಗೆ ಬಂದರೂ ತಕ್ಕಡಿ ಕೆಳಗಿಡುವುದಿಲ್ಲ.

"ಕೆಲಸ ಮಾಡು ನೀತಾ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಕೇಬಲ್ಲಿಗೂ ನೆಟ್ಟಿಗೂ ಕೂಡಿ ಈಗ ಎಷ್ಟ ಹೋಗ್ತದ, ಅದಕ್ಕಿಂತ ಒಂದ್ ರೂಪಾಯಿ ಹೆಚ್ಚ ಆಗಬಾರ್ದು. ಬೇಕಾದ್ರ ಕೇಬಲ್ ಬಿಡು."

ಕೇಬಲ್ ಬಿಡುವುದು ಹೇಗೆ? ಅತ್ತೆ ಜಮಖಂಡಿಯಿಂದ ಬಂದು ಎರಡು ವರ್ಷ. ಮರಾಠಿ ಒಂದಕ್ಷರ ಬರದು. ನಮ್ಮ ಇಡೀ ಬಿಬವೇವಾಡಿ ಬಡಾವಣೆಯಲ್ಲಿ ಅವರ ಜೊತೆ ಕನ್ನಡ ಮಾತಾಡುವವರು ನಾವಿಬ್ಬರು, ಮತ್ತೆ ಆ ಟಿವಿ.

ಒಳಗಿದ್ದ ಅತ್ತೆಗೆ ಎಲ್ಲ ಕೇಳಿಸಿತು. "ಅದನ್ನ ತಗಸಿಬಿಡವಾ. ನಾ ಜಪಾ ಮಾಡಕೋತ ಕುಂದರ್ತೀನಿ" ಎಂದರು. ಜಪ ಮಾಡುವವರ ಮುಖವೇ ಅದು? ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

11 ಜೂನ್, ಸೋಮವಾರ

ಮೂರು ದಿನದಿಂದ ಅಲೆದಾಟ. ಫೋನಿನವರ ಬ್ರಾಡ್‌ಬ್ಯಾಂಡ್ — ರೇಟು ಪರವಾಗಿಲ್ಲ, ಸರದಿ ಎರಡು ತಿಂಗಳು. ಡಿಶ್ ಟಿವಿ — ಡಬ್ಬಿಗೇ ಮೂರು ಸಾವಿರ, ಕನ್ನಡ ಚಾನೆಲ್ ಬೇಕೆಂದರೆ ಮೇಲೆ ಮತ್ತಷ್ಟು, ನೆಟ್ಟಂತೂ ಇಲ್ಲವೇ ಇಲ್ಲ.

ಕೊನೆಗೆ ಸಿಕ್ಕವನು ಬಾಳು. ಹೊಸ ಕೇಬಲ್ ಕಂಪನಿಯವನು, ಬೈಕಿನ ತುಂಬ ವೈರಿನ ಸುರುಳಿ. ಒಂದೇ ವೈರಿನಲ್ಲಿ ಟಿವಿಯೂ ನೆಟ್ಟೂ. ಎರಡು ಕನ್ನಡ ಚಾನೆಲ್. ಈಗಿನ ಬಿಲ್ಲಿಗಿಂತ ನಲವತ್ತು ರೂಪಾಯಿ ಕಡಿಮೆ! ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ.

ಆದರೆ ಒಂದೇ ಬಿಲ್ಡಿಂಗಿನಲ್ಲಿ ಹತ್ತು ಮನೆ ಸೇರಬೇಕು. ಟೆರೇಸಿನಿಂದ ವೈರು ಇಳಿಸಲು ಸೆಕ್ರೆಟರಿಯ ಸಹಿ ಬೇಕು.

ಆ ಕುಲಕರ್ಣಿಯ ಸಹಿ...

19 ಜೂನ್, ಮಂಗಳವಾರ

ಒಂಬತ್ತು ಮನೆ ಆಯಿತು. ಮೆಟ್ಟಿಲು ಹತ್ತಿ ಇಳಿದು ಮೊಣಕಾಲು ನೋವು. ಎಲ್ಲರ ಮನೆ ಚಹಾ ಕುಡಿದು ಎದೆಯುರಿ. ಉಳಿದದ್ದು ಕುಲಕರ್ಣಿಯ ಮನೆಯೊಂದೇ. ಹತ್ತನೆಯ ಮನೆಯೂ ಸಹಿಯೂ ಮೂರನೇ ಮಹಡಿಯಲ್ಲೇ ಇವೆ. ಆತನ ಮನೆಯಲ್ಲಿ ಕೇಬಲ್ಲೇ ಇಲ್ಲವಂತೆ.

ನಾಳೆ ಹೋಗುತ್ತೇನೆ. ಅಥವಾ ನಾಡಿದ್ದು.

24 ಜೂನ್, ರವಿವಾರ

ಐದು ದಿನ ಮುಂದೂಡಿ ಇವತ್ತು ಹೋದೆ. "ಕಾಯ ಪಾಹಿಜೆ?" ಏನು ಬೇಕಂತೆ. ಒಳಗೆ ಬಾ ಎನ್ನಲಿಲ್ಲ. ಮರಾಠಿಯಲ್ಲಿ ಎಲ್ಲ ವಿವರಿಸಿದೆ. ಟೆರೇಸಿಗೆ ಮೊಳೆ ಹೊಡೆದರೆ ಮಳೆಗಾಲದಲ್ಲಿ ಸೋರುತ್ತದೆ, ಆಗುವುದಿಲ್ಲ ಎಂದ. ನನಗೂ ರೇಗಿತು. ಮರಾಠಿಯಲ್ಲೇ ನಾಲ್ಕು ಮಾತು ಆಡಿ ಮೆಟ್ಟಿಲ ಕಡೆ ತಿರುಗಿದೆ.

ಆಗ ಮನೆಯೊಳಗಿಂದ ಮುದುಕಿಯೊಬ್ಬರ ದನಿ. "ದಿಗೂ, ಯಾರೋ ಅದು? ಬಾಗಲಾಗ ನಿಂದರ್ಸಿ ಯಾಕ ಜಗಳಾಡ್ತೀ?"

"ಯಾರಿಲ್ಲಮ್ಮ, ಕೆಳಗಿನ ಮನಿ ಪಾಟೀಲರ ಹೆಂಡ್ತಿ. ತಲಿ ತಿನ್ನಲಿಕ್ಕೆ ಬಂದಾಳ" ಎಂದ ಕುಲಕರ್ಣಿ.

ಕನ್ನಡ. ಅಚ್ಚ ನಮ್ಮ ಕಡೆಯ ಕನ್ನಡ.

ವಾಪಸು ತಿರುಗಿದೆ. "ತಲಿ ತಿನ್ನೋದು ನಾನಲ್ರಿ. ಆರ್ ವರ್ಷದಿಂದ ನೀರ್ ಬಂದ್ ಮಾಡಿ ನೀವ ತಿಂದೀರಿ."

ಆತನ ಮುಖ ನೋಡಬೇಕಿತ್ತು. "ನೀವು... ಕನ್ನಡದವರೇನ್ರಿ? ನಾ ಕೊಲ್ಹಾಪುರ ಕಡೆ ಪಾಟೀಲರು ಅಂತ ತಿಳಿದಿದ್ದೆ."

"ನಾನೂ ನಿಮ್ಮನ್ನ ಪಕ್ಕಾ ಪುಣೇದ ಕುಲಕರ್ಣಿ ಅಂತ ತಿಳಿದಿದ್ನಿ."

ಪಾಟೀಲರು ಎರಡೂ ಕಡೆ, ಕುಲಕರ್ಣಿಗಳೂ ಎರಡೂ ಕಡೆ. ಬಾಗಿಲ ಮೇಲಿನ ಹೆಸರು ಇಬ್ಬರದೂ ಮರಾಠಿಯಲ್ಲಿ. ಯಾರು ಯಾರನ್ನು ಕೇಳಬೇಕಿತ್ತು? ಆರು ವರ್ಷ ಇಬ್ಬರೂ ಕಷ್ಟಪಟ್ಟು ಪರಭಾಷೆಯಲ್ಲಿ ಬೈದಾಡಿಕೊಂಡಿದ್ದೇವೆ. ನಾಚಿಕೆಯೂ ಆಯಿತು, ನಗುವೂ ಬಂತು.

ಬಾಗಲಕೋಟೆಯವರಂತೆ. ಅವರ ತಾಯಿ ಕೈ ಹಿಡಿದು ಒಳಗೆ ಕೂಡಿಸಿಕೊಂಡರು, ಬಿಡಲೇ ಇಲ್ಲ. ಅವರಿಗೂ ಮಾತಾಡಲು ಯಾರೂ ಇಲ್ಲ. ಕನ್ನಡ ಚಾನೆಲ್ ಎರಡು ಬರುತ್ತವೆ ಎಂದೆ. ಮಗನ ಕಡೆ ತಿರುಗಿದರು.

"ದಿಗೂ, ಸಹಿ ಹಾಕು."

"ಅಮ್ಮ, ಮ್ಯಾಲೆ ಸೋರಿದ್ರ?"

"ಸೋರಿದ್ರ ಪಾತೇಲಿ ಇಡೋಣು."

ಹಾಕಿದರು. ಹತ್ತನೆಯ ಮನೆಯೂ ಆಯಿತು.

28 ಜೂನ್, ಗುರುವಾರ

ಬಾಳು ವೈರು ಇಳಿಸಿದ. ಟಿವಿ ಶುರು. ನೆಟ್ಟು ಸೋಮವಾರ ಬೆಳಿಗ್ಗೆ ಅಂತೆ. ಸೋಮವಾರವೇ ಎರಡನೇ ತಾರೀಕು.

ಮಧ್ಯಾಹ್ನ ಅತ್ತೆಯನ್ನು ಕುಲಕರ್ಣಿಯವರ ತಾಯಿಯ ಹತ್ತಿರ ಬಿಟ್ಟು ಬಂದೆ. ಐದಕ್ಕೆ ಕರೆಯಲು ಹೋದರೆ ಟಿವಿ ಬಂದ್. ಇಬ್ಬರೂ ಗಾದಿಯ ಮೇಲೆ ಕಾಲು ಚಾಚಿ, ಘಟಪ್ರಭೆಯ ಮಹಾಪೂರ ಯಾವ ವರ್ಷ ಬಂದಿತ್ತು ಎಂದು ವಾದ ಹಾಕುತ್ತಿದ್ದರು. ಅತ್ತೆ ನಕ್ಕಿದ್ದು ಮೆಟ್ಟಿಲವರೆಗೂ ಕೇಳಿತು. ಪುಣೆಗೆ ಬಂದ ಮೇಲೆ ಹಾಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ.

ಇವರು ಚೇಷ್ಟೆ ಮಾಡಿದರು. "ಹಂಗಾರ ಕೇಬಲ್ ತಗಸೂಣೇನವ್ವಾ?"

"ಕೈ ಹಚ್ಚಿ ನೋಡು" ಎಂದರು ಅತ್ತೆ.

2 ಜುಲೈ, ಸೋಮವಾರ, ಬೆಳಿಗ್ಗೆ 10

ಇನ್ನೂ ನೆಟ್ಟಿಲ್ಲ. ಬಾಳುವಿಗೆ ಮೂರು ಫೋನು ಮಾಡಿದೆ. ದಾರಿಯಲ್ಲಿದ್ದಾನಂತೆ. ಮಧುಕರ ಅವರಿಗೆ ಏನು ಹೇಳಲಿ...

11.40

ಬಂತು. ಹಸಿರು ದೀಪ, ಮಿಣಮಿಣ ಇಲ್ಲ, ನಿಚ್ಚಳ. ಮಧುಕರ ಅವರ ಮೇಲ್ ಆಗಲೇ ಬಂದು ಕೂತಿದೆ. "ಶ್ರೀಮತಿ ನೀತಾ ಪಾಟೀಲ ಅವರಿಗೆ." ಈ ಮನೆಗೆ ಬರುವ ಕಾಗದವೆಲ್ಲ ಇವರ ಹೆಸರಿಗೆ. ಇದು ನನಗೆ. ಅದೊಂದೇ ಸಾಲನ್ನು ಎಷ್ಟು ಸಲ ಓದಿದೆನೋ.

ಒಂಬತ್ತು ಫೈಲು. ಒಂದೂ ನಡುವೆ ನಿಲ್ಲಲಿಲ್ಲ. ಮೊದಲನೆಯದು ತೊಗರಿ, ನಾಲ್ಕು ಪುಟ. ಮೂರು ಗಂಟೆಯೊಳಗೆ ಕಳಿಸಿ ಎಂದಿದ್ದಾರೆ. ಇನ್ನು ಇಲ್ಲಿ ಬರೆಯುತ್ತ ಕೂತರೆ —