ಒಂದೇ ಕಣ್ಣಿನ ಕ್ಯಾಮೆರಾ

ಫೆಬ್ರವರಿ 3, ಸೋಮವಾರ

ಬೆಳಿಗ್ಗೆಯಿಂದ ಮೂರನೆಯ ಸಲ ಕ್ಯಾಮೆರಾದ ತೂತುಚಕ್ರ ತಿರುಗಿಸಿದೆ. ಪರದೆಯಲ್ಲಿ ಬರೀ ಬೂದು ಬಣ್ಣ. ಎದುರಿಟ್ಟದ್ದು ಕುದಿಯುವ ನೀರಿನ ಮಡಕೆ, ಅದೂ ಕಾಣದು!

ಇರುವುದು ಒಂದೇ ಇನ್‌ಫ್ರಾರೆಡ್ ಡಿಟೆಕ್ಟರ್. ಅದು ಚಿತ್ರ ನೋಡುವುದಿಲ್ಲ. ಚಕ್ರದ ತೂತುಗಳಿಂದ ಬಂದ ಬಿಸಿಯನ್ನೆಲ್ಲ ಕೂಡಿಸಿ ಒಂದು ಸಂಖ್ಯೆ ಕೊಡುತ್ತದೆ, ಅಷ್ಟೆ. ಚಕ್ರ ತಿರುಗಿದರೆ ತೂತು ಬೇರೆ, ಸಂಖ್ಯೆಯೂ ಬೇರೆ. ಅಂಥ ನಾನೂರ ಹತ್ತು ಸಂಖ್ಯೆಗಳಿಂದ ನನ್ನ ಕೋಡ್ ನಾಲ್ಕು ಸಾವಿರ ಚುಕ್ಕೆಗಳ ಚಿತ್ರ ಕಟ್ಟಬೇಕು.

ನನ್ನ ಪಿಎಚ್‌ಡಿ ಗೈಡ್ ಲವಿನಾ ಮೇಡಂ ಇಣುಕಿದರು. "ಹದಿನೈದಕ್ಕೆ ನೀರಲ್ಲಿರುವ ಮನುಷ್ಯನ ತಲೆ ಕಾಣ್ಬೇಕು ಕುಮುದಿನಿ. ಇಲ್ಲದಿದ್ರೆ ಡಿಟೆಕ್ಟರ್ ಕೊಟ್ಟವರಿಗೆ ವಾಪಸ್. ನಾನೆಂತ ಮಾಡ್ಲಿ?"

ಕಾಣಿಸದೆ ಬಿಡುವುದಿಲ್ಲ. ಎರಡು ವರ್ಷದ ಹಿಂದೆ ನನ್ನಣ್ಣ ಯಾದವ ಮೀನಿನ ಬೋಟಿನಿಂದ ಬಿದ್ದು ಏಳು ಗಂಟೆ ಕಡಲಲ್ಲಿದ್ದ. ಹುಡುಕುವ ಬೋಟು ಎರಡು ಸಲ ಹತ್ತಿರದಲ್ಲೇ ಹೋಯಿತಂತೆ. ಕತ್ತಲಲ್ಲಿ ಇವನು ಕಾಣಲಿಲ್ಲ. ಆಮೇಲೆ ಅಣ್ಣ ನೀರಿಗೆ ಕಾಲಿಟ್ಟಿಲ್ಲ, ಐಸ್ ಪ್ಲಾಂಟ್ ಸೇರಿದ. ಬಿಸಿ ನೋಡುವ ದುಬಾರಿ ಕ್ಯಾಮೆರಾ ಎಲ್ಲ ಬೋಟಿಗೆ ಎಲ್ಲಿಂದ? ನನ್ನದು ಎಲ್ಲರಿಗೂ ಎಟುಕಬೇಕು.

ಫೆಬ್ರವರಿ 11

ಕೋಡ್ ಎರಡು ಸಲ ಹೊಸದಾಗಿ ಬರೆದೆ. ಮತ್ತೆ ಅದೇ ಬೂದು...

ಫೆಬ್ರವರಿ 12, ಮಧ್ಯಾಹ್ನ

ಎಷ್ಟು ತಲೆ ಚಚ್ಚಿಕೊಳ್ಳಲಿ! ಡಿಟೆಕ್ಟರ್ ಮುಂದಿನ ಗಾಜಿಗೆ ಒಳಗಿಂದ ಮಂಜು ಹಿಡಿದಿದೆಯೆಂದು ಕಿತ್ತೆ — ಸಂಖ್ಯೆ ಛಂಗನೆ ಹಾರಿತು. ಉಪ್ಪುಗಾಳಿಗೆ ಹಾಳಾದೀತೆಂದು, ಅಪ್ಪ ಬೋಟಿನ ದಿಕ್ಸೂಚಿಗೆ ಮಾಡುವ ಹಾಗೆ, ಗಾಜು ಕೂರಿಸಿ ಎಂಸೀಲ್ ಅಂಟು ಮೆತ್ತಿದವಳು ನಾನೇ. ಇನ್‌ಫ್ರಾರೆಡ್ ಬಿಸಿ ಗಾಜನ್ನು ದಾಟುವುದಿಲ್ಲ. ಕಾಲೇಜು ಮಕ್ಕಳಿಗೆ ಅದನ್ನು ಪಾಠ ಮಾಡುವವಳೂ ನಾನೇ!

ತೊಕ್ಕೊಟ್ಟು ಮಾರ್ಕೆಟಿನಲ್ಲಿ ಬಂಗುಡೆ ಮೀನು ಹಾಕಿಕೊಡುವ ತೆಳು ಪ್ಲಾಸ್ಟಿಕ್ ತೊಟ್ಟೆ, ಚೀಲ, ಇತ್ತು. ತೊಳೆದು, ಕತ್ತರಿಸಿ ಗಾಜಿನ ಜಾಗಕ್ಕೆ ಬಿಗಿದೆ. ಅದನ್ನು ಬಿಸಿ ದಾಟುತ್ತದೆ.

3.20

ಬಂತು!! ಚಹಾದ ಕಪ್. ಹಿಡಿ ಸಮೇತ! ನಾನು ಕಿರುಚಿದ್ದಕ್ಕೆ ಪಕ್ಕದ ಲ್ಯಾಬಿನವರು ಓಡಿ ಬಂದರು.

ಫೆಬ್ರವರಿ 13

ಅಣ್ಣನಿಗೆ ಚಿತ್ರ ತೋರಿಸಿದೆ. ತುಂಬ ಹೊತ್ತು ನೋಡಿದ.

"ನೀರಿಗೆ ಯಾರನ್ನು ಇಳಿಸ್ತಿ?"

"ನಮ್ಮ ಲ್ಯಾಬಿನ ಕ್ಯಾಲ್ವಿನ್."

"ಅವನಿಗೆ ಈಜು ಬರ್ತದಾ?"

"ಸ್ವಲ್ಪ."

"ಸ್ವಲ್ಪ ಅಂದ್ರೆ ಎಂತ ಮಾರಾಯ್ತಿ! ನಾನೇ ಇಳಿತೇನೆ."

ಹೇಳಿದ ಮೇಲೆ ಅವನ ಮುಖ ಬಿಳುಚಿತು.

ಫೆಬ್ರವರಿ 15, ಬೆಳಿಗ್ಗೆ 5.50, ಪಣಂಬೂರು ಕಡಲತೀರ

ಇನ್ನೂ ಬೆಳಕಾಗಿಲ್ಲ. ಅಣ್ಣ ಸೊಂಟದ ತನಕ ಹೋಗಿ ನಿಂತುಬಿಟ್ಟ. ಎರಡು ನಿಮಿಷ. ಬೇಡ, ಬಾ ಎಂದು ಕೂಗಬೇಕೆನಿಸಿತು. ಆಮೇಲೆ ಕುತ್ತಿಗೆ ತನಕ ಇಳಿದ. ಚಕ್ರ ತಿರುಗಲು ಬಿಟ್ಟೆ. ನಲವತ್ತು ಸೆಕೆಂಡು. ಅಲೆ ಬಂದಾಗೆಲ್ಲ ನನ್ನ ಜೀವ ಹೋಗಿ ಬಂತು.

6.05

ಕಂಡ! ಪರದೆಯಲ್ಲಿ ಕಪ್ಪು ನೀರು, ಅದರಲ್ಲಿ ಬಿಳಿ ತಲೆ! ಲವಿನಾ ಮೇಡಂ ನನ್ನ ಕೈ ಬಿಡುತ್ತಿಲ್ಲ.

6.20

ಅಣ್ಣ ಒದ್ದೆ ಮೈಯಲ್ಲೇ ಬಂದು ನೋಡಿದ. "ಅವತ್ತು ಇದು ಇದ್ದಿದ್ರೆ..." ಎಂದ. ಅತ್ತ. ನಾನೂ ಅತ್ತೆ.

ಆಮೇಲೆ ಅಣ್ಣ ಮೂಗೊರೆಸಿಕೊಂಡು ಕೇಳಿದ, "ಇದು ದಡದ ಹತ್ರ ಆಯ್ತು. ದೂರ ಇದ್ರೆ ಕಾಣ್ತದಾ?"

ಗೊತ್ತಿಲ್ಲ ಎಂದೆ. ಟವೆಲ್ ನನ್ನ ಕೈಗೆ ತುರುಕಿದ. "ನೋಡುವ."

ಎದೆಮಟ್ಟ ದಾಟಿದ. ಈಜುತ್ತಿದ್ದಾನೆ. ನಮ್ಮ ಯಾದವಣ್ಣ ಕಡಲಲ್ಲಿ ಈಜುತ್ತಿದ್ದಾನೆ! ಕೈಯೆತ್ತಿದ, ಚಕ್ರ ಬಿಡಬೇಕು, ಉಳಿದದ್ದು ಆಮೇ—